ಆರಿದೆ ಅಂದುಕೊಂಡ ಒಲೆಗೆ ಸ್ಪಿರಿಟ್ ಸುರಿದೆ

ಕಥೆ ಓದುವಷ್ಟು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಸೈಕಲ್ ಕ್ಯಾಂಪಿಂಗ್‌ಗೆ ಸ್ಪಿರಿಟ್ ಒಲೆ ಒಯ್ಯುವವರು ಹಗಲು ಹೊತ್ತಿನಲ್ಲಿ ಒಲೆ ಆರಿದೆ ಅಂತ ಕಣ್ಣು ಹೇಳಿದರೆ ನಂಬಬೇಡಿ. ದೊಡ್ಡ ಬಾಟಲಿಯಿಂದ ನೇರವಾಗಿ ಒಲೆಗೆ ಸ್ಪಿರಿಟ್ ಸುರಿಯಲೇಬೇಡಿ. ನಾನು ಸುರಿದೆ. ಸುಟ್ಟುಕೊಂಡದ್ದು ನಾನಲ್ಲ, ಎದುರಿಗೆ ಕೂತಿದ್ದ ನನ್ನ ಬಾಮೈದ.

ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಬಾಮೈದನಿಗೆ ಹಿಂಜವಡಿಯಲ್ಲಿ ಕೆಲಸ. ದಾವಣಗೆರೆಯಿಂದ ಬಂದ ಹೊಸತರಲ್ಲಿ ಅವನಿಗೆ ಸೈಕಲ್ ಹುಚ್ಚು ಹಿಡಿಸಿದವನೇ ನಾನು, ಹಾಗಾಗಿ ಮನೆಯಲ್ಲಿ ಈಗ ಬೈಗುಳವೆಲ್ಲ ನನಗೇ. ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಹೊರಟೆವು. ಚಾಂದಣಿ ಚೌಕ, ಪಿರಂಗುಟ್ ಘಾಟ್, ಪೌಡ್ ದಾಟಿ ಮುಳಶಿ ಹಿನ್ನೀರಿನ ಹತ್ತಿರ ಪರಿಚಯದ ರೈತರೊಬ್ಬರ ಹೊಲದಲ್ಲಿ ಟೆಂಟ್ ಹಾಕುವುದು, ಬೆಳಗ್ಗೆ ಉಪ್ಪಿಟ್ಟು ಮಾಡಿ ತಿಂದು ವಾಪಸ್ ಬರುವುದು. ಅಷ್ಟೇ ಪ್ಲಾನ್.

ಒಲೆ ನಾನೇ ಮಾಡಿದ್ದು. ಎರಡು ಸೋಡಾ ಕ್ಯಾನಿನ ತಳ ಕತ್ತರಿಸಿ, ಒಂದರೊಳಗೆ ಇನ್ನೊಂದನ್ನು ಒತ್ತಿ ಕೂರಿಸಿ, ಅಂಚಿನ ಸುತ್ತ ಗುಂಡುಸೂಜಿಯಿಂದ ತೂತು ಮಾಡಿದರೆ ಮುಗಿಯಿತು. ತೂಕ 15 ಗ್ರಾಂ ಆಗಬಹುದು. ನಡುವಿಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿದರೆ ಮೊದಲು ಅರ್ಧ ನಿಮಿಷ ಸುಮ್ನೆ ದೀಪದ ಹಾಗೆ ಉರಿಯುತ್ತದೆ. ಆಮೇಲೆ ಡಬ್ಬಿ ಬಿಸಿಯಾಗಿ, ಒಳಗಿನ ಸ್ಪಿರಿಟ್ ಆವಿಯಾಗಿ, ತೂತುಗಳಿಂದ ನೀಲಿ ಉರಿ ಹೂವಿನ ಎಸಳಿನ ಹಾಗೆ ಏಳುತ್ತದೆ. ಪಂಪ್ ಇಲ್ಲ, ವಾಲ್ವ್ ಇಲ್ಲ, ಸದ್ದೂ ಇಲ್ಲ. ಮೊದಲ ಸಲ ಅದು ಹೊತ್ತಿಕೊಂಡಾಗ ಅಡುಗೆಮನೆಯಲ್ಲಿ ನಿಂತು ಹೆಂಡತಿಯನ್ನು ಕರೆದು ತೋರಿಸಿದ್ದೆ. ಅವಳು ನೋಡಿ, ಗ್ಯಾಸ್ ಸಿಲಿಂಡರ್ ಪಕ್ಕದಲ್ಲಿ ಯಾಕ್ರೀ ಇದೆಲ್ಲ ಅಂದಳು. ಆವತ್ತೇ ಅವಳ ಮಾತಿನಲ್ಲಿ ಬುದ್ಧಿ ಇತ್ತು, ನನಗೆ ಕೇಳಿಸಲಿಲ್ಲ.

ಸ್ಪಿರಿಟ್ ತಂದದ್ದು ಬಣ್ಣದ ಅಂಗಡಿಯಿಂದ. ಮರಕ್ಕೆ ಪಾಲಿಶ್ ಹೊಡೆಯುವವರು ಅರಗು ಕರಗಿಸಲು ಒಯ್ಯುತ್ತಾರಲ್ಲ, ಅದೇ. ಅಂಗಡಿಯವನು ಲೂಸಾಗಿ ಅಳೆದು ಒಂದು ಲೀಟರಿನ ಖಾಲಿ ನೀರಿನ ಬಾಟಲಿಗೆ ತುಂಬಿಸಿ ಕೊಟ್ಟ. ಲೇಬಲ್ಲೂ ನೀರಿನದ್ದೇ. ಇದು ನನ್ನ ಮೊದಲ ತಪ್ಪು. ಶನಿವಾರ ಸಂಜೆ ಘಾಟ್ ಹತ್ತಿ ಬೆವರು ಸುರಿಸುತ್ತ ನಿಂತಾಗ ಬಾಮೈದ ನನ್ನ ಬ್ಯಾಗಿನಿಂದ ಅದನ್ನೇ ಎಳೆದು ಮುಚ್ಚಳ ತಿರುಗಿಸಿದ್ದ. ವಾಸನೆ ಬಡಿದು ಮುಖ ಸಿಂಡರಿಸಿದ. ಇಬ್ಬರೂ ನಕ್ಕೆವು. ನಗುವ ವಿಷಯ ಆಗಿರಲಿಲ್ಲ ಅದು. 2015ರ ಜೂನ್‌ನಲ್ಲಿ ಮುಂಬೈಯ ಮಾಲವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ಈ ಕಡೆ ಇರುವವರಿಗೆಲ್ಲ ನೆನಪಿದೆ, ಅದರಲ್ಲಿ ಇದ್ದದ್ದು ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್. ಅಂಗಡಿಗಳಲ್ಲಿ ಸ್ಪಿರಿಟ್ ಅಂತ ಕೊಡುವುದರಲ್ಲಿ ಎಷ್ಟು ಎಥನಾಲ್ (ಮದ್ಯದಲ್ಲಿರುವ ಆಲ್ಕೋಹಾಲ್), ಎಷ್ಟು ಮೆಥನಾಲ್ ಅಂತ ನೋಡಿ ಹೇಳಲು ಆಗುವುದಿಲ್ಲ. ಮೆಥನಾಲ್ ಎರಡು ಟೀ ಚಮಚದಷ್ಟು ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. ಅದು ಚರ್ಮದಿಂದಲೂ ಒಳಗೆ ಇಳಿಯುತ್ತದೆ. ನೀರಿನ ಬಾಟಲಿಯಲ್ಲಿ ತುಂಬಿ, ಅದನ್ನು ನೀರಿನ ಬಾಟಲಿಗಳ ಜೊತೆಗೇ ಇಟ್ಟುಕೊಂಡು ಹೋಗುವುದಕ್ಕಿಂತ ಪೆದ್ದುತನ ಇಲ್ಲ.

ರಾತ್ರಿ ಎಲ್ಲ ಚೆನ್ನಾಗಿತ್ತು. ಅದೇ ತೊಂದರೆ ಆದದ್ದು. ಕತ್ತಲಲ್ಲಿ ನೀಲಿ ಉರಿ ಸ್ಪಷ್ಟ ಕಾಣುತ್ತಿತ್ತು, ಎರಡು ಲೋಟ ಚಹಾ ಆಯಿತು, ಒಲೆ ತಾನಾಗಿ ಆರಿದ್ದೂ ಕಂಡಿತು. ನನ್ನ ತಲೆಯಲ್ಲಿ ಕೂತದ್ದು ಇಷ್ಟು: ಉರಿ ಕಂಡರೆ ಉರಿಯುತ್ತಿದೆ, ಕಾಣದಿದ್ದರೆ ಆರಿದೆ.

ಬೆಳಗ್ಗೆ ಎಂಟೂವರೆ ಆಗಿತ್ತು. ಹಿನ್ನೀರಿನ ಕಡೆಯಿಂದ ಗಾಳಿ, ಬೆನ್ನಿಗೆ ಚುರುಕು ಬಿಸಿಲು. ಈ ಒಲೆಯಲ್ಲಿ ಅರ್ಧ ಲೀಟರ್ ನೀರು ಕುದಿಸಲು 20ರಿಂದ 25 ಎಂಎಲ್ ಸ್ಪಿರಿಟ್ ಬೇಕು, ಅದೂ ಗಾಳಿ ಇಲ್ಲದಿದ್ದರೆ. ಒಂದು ಕಿಲೋ ಎಥನಾಲ್ ಉರಿದರೆ ಸುಮಾರು 27 ಮೆಗಾಜೂಲ್ ಶಾಖ, ಅಡುಗೆ ಗ್ಯಾಸಿನದ್ದು 46ರ ಹತ್ತಿರ. ಅಂದರೆ ಚಹಾ ಮಾಡಬಹುದು, ಇಬ್ಬರಿಗೆ ಆಗುವಷ್ಟು ಉಪ್ಪಿಟ್ಟು ಮಾಡುತ್ತೇನೆ ಅಂತ ಕೂತರೆ ನಡುವೆ ಸ್ಪಿರಿಟ್ ಮುಗಿಯುವುದೇ. ಮುಗಿಯಿತು. ನೀರು ಇನ್ನೇನು ಮರಳಬೇಕು, ಪಾತ್ರೆಯ ಸದ್ದು ನಿಂತಿತು. ರವೆ ಪೊಟ್ಟಣ ಬಿಚ್ಚಿಕೊಂಡು ಕಾಯುತ್ತಿದ್ದ ಬಾಮೈದ ಬಗ್ಗಿ ನೋಡಿದ.

"ಭಾವ, ಒಲೆ ಆರಿಹೋಯ್ತು ನೋಡಿ."

ನಾನೂ ಬಗ್ಗಿದೆ. ಪಾತ್ರೆ ಕೆಳಗಿಟ್ಟು ಒಲೆ ನೋಡಿದೆ. ಉರಿ ಇಲ್ಲ. ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ, ನಡುವೆ ಸ್ವಲ್ಪ ಪಸೆ, ಅಷ್ಟೇ. ಈಗ ಯೋಚಿಸಿದರೆ ಒಂದು ವಿಷಯ ನೆನಪಾಗುತ್ತದೆ. ಒಲೆಯ ಪಕ್ಕ ಒಂದು ಒಣ ಹುಲ್ಲಿನ ಎಸಳು ಬಾಗಿಕೊಂಡಿತ್ತು, ಅದರ ತುದಿ ತಾನಾಗಿ ಕಪ್ಪಾಗಿ ಸುರುಟಿಕೊಳ್ಳುತ್ತಿತ್ತು. ಉರಿ ಇಲ್ಲ, ಹೊಗೆ ಇಲ್ಲ, ತುದಿ ಮಾತ್ರ ಮೆಲ್ಲಗೆ ಮುದುಡುತ್ತಿದೆ. ನೋಡಿದ್ದೆ. ನೋಡಿಯೂ ಬಾಟಲಿ ಎತ್ತಿಕೊಂಡೆ. ಅದರಲ್ಲಿ ಕಾಲು ಭಾಗ ಸ್ಪಿರಿಟ್, ಉಳಿದದ್ದು ಖಾಲಿ.

ಮೊದಲ ಹನಿ ಬಿದ್ದದ್ದಷ್ಟೇ ಗೊತ್ತು. ಭುಸ್ ಅಂತ ಒಂದು ಸದ್ದು, ದೊಡ್ಡದೇನಲ್ಲ, ಕುಕ್ಕರ್ ಸೀಟಿಗೆ ಮೊದಲು ಬರುತ್ತದಲ್ಲ ಅಂಥದ್ದು. ಬಾಟಲಿ ಕೈಯಲ್ಲಿ ಒದ್ದ ಹಾಗಾಯಿತು. ಅದರ ಬಾಯಿಂದ ಉರಿಯುವ ಸ್ಪಿರಿಟ್ ಪಿಚಕಾರಿ ಹೊಡೆದ ಹಾಗೆ ಎದುರಿಗೆ ಚಿಮ್ಮಿ ನಾಲ್ಕಡಿ ದೂರದಲ್ಲಿ ಕೂತಿದ್ದವನ ಬಲಗಾಲಿನ ಮೇಲೆ ಬಿತ್ತು. ಇನ್ನೂ ಕೆಟ್ಟದ್ದೇನೆಂದರೆ ಅವನ ಕಾಲಿನ ಉರಿಯೂ ನನಗೆ ಕಾಣಲಿಲ್ಲ. ಅವನು ಕಿರುಚುತ್ತ ಕಾಲು ಬಡಿಯುತ್ತಿದ್ದಾನೆ, ನನ್ನ ಕಣ್ಣಿಗೆ ಬರೀ ಕಾಲು. ಬಿಸಿಲಿನಲ್ಲಿ ಗಾಳಿ ನಡುಗಿದ ಹಾಗೆ ಏನೋ ಒಂದು, ಆಮೇಲೆ ಸೈಕ್ಲಿಂಗ್ ಶಾರ್ಟ್ಸಿನ ಅಂಚು ಕರಗಿ ಮಿರಮಿರ ಮಿಂಚತೊಡಗಿತು.

ನೀರು ಹಾಕಬೇಕು ಅಂತ ಕೈ ಹೋದದ್ದು ಎಲ್ಲಿಗೆ ಗೊತ್ತಾ? ಉಪ್ಪಿಟ್ಟಿನ ಪಾತ್ರೆಗೆ. ಕುದಿಯುವುದಕ್ಕೆ ಒಂದು ನಿಮಿಷ ಕಡಿಮೆ ಇದ್ದ ನೀರು. ಹಿಡಿ ಬಿಸಿ ತಾಗಿ ಕೈ ಹಿಂದಕ್ಕೆ ಬಂತು, ಇಲ್ಲದಿದ್ದರೆ ಅದನ್ನೂ ಅವನ ಮೇಲೆ ಎರಚುತ್ತಿದ್ದೆ. ಬೆಳಗ್ಗೆ ಮಿಂದು ಸೈಕಲ್ ಹ್ಯಾಂಡಲ್ ಮೇಲೆ ಒಣಹಾಕಿದ್ದ ಹತ್ತಿ ಟವೆಲ್ ಇನ್ನೂ ಒದ್ದೆ ಇತ್ತು. ಅದನ್ನು ಎಳೆದು ಕಾಲಿಗೆ ಸುತ್ತಿ ಒತ್ತಿ ಹಿಡಿದೆ. ಆರಿತು. ಎಲ್ಲ ಸೇರಿ ಎಂಟು ಹತ್ತು ಸೆಕೆಂಡು ಇರಬಹುದು. ತಿರುಗಿ ನೋಡಿದರೆ ನಾನು ಬಿಸಾಡಿದ ಬಾಟಲಿ ಒಣ ಹುಲ್ಲಿನಲ್ಲಿ ಬಿದ್ದಿದೆ, ಹುಲ್ಲು ಹತ್ತಿಕೊಂಡಿದೆ. ಹುಲ್ಲಿನ ಬೆಂಕಿ ಹಳದಿ, ಅದು ಕಂಡಿತು! ರೈತರ ಹೊಲದ ಆಳು ಓಡಿ ಬಂದು ಹಸಿ ಕವಳಿ ಗಿಡದ ಕೊಂಬೆ ಮುರಿದು ಬಡಿದು ಬಡಿದು ಆರಿಸಿದ. ಫೆಬ್ರವರಿಯಲ್ಲಿ ಸಹ್ಯಾದ್ರಿಯ ಹುಲ್ಲು ಅಂದರೆ ಕಡ್ಡಿಪೆಟ್ಟಿಗೆ ಇದ್ದ ಹಾಗೆ, ಅವನಿಲ್ಲದಿದ್ದರೆ ಇಡೀ ಗುಡ್ಡ ಹೋಗುತ್ತಿತ್ತು.

ಆಮೇಲೆ ಕಾಲಿನ ಉಪಚಾರ. ರೈತರ ಮನೆಯ ಆಜಿ "ಹಳದ ಲಾವಾ, ಹಳದ ಲಾವಾ" ಅಂತ ಅರಿಶಿನದ ಡಬ್ಬಿಯನ್ನೇ ತಂದರು. ಅವರದು ಪ್ರೀತಿ, ಆದರೆ ಕೈಮುಗಿದು ಬೇಡ ಅಂದೆ. ಸುಟ್ಟ ಗಾಯಕ್ಕೆ ಅರಿಶಿನ, ಟೂತ್‌ಪೇಸ್ಟ್, ಐಸ್ ಯಾವುದೂ ಬೇಡ. ತಣ್ಣಗಿನ ಹರಿಯುವ ನೀರು, 20 ನಿಮಿಷ. ಈ 20 ನಿಮಿಷ ಎಷ್ಟು ಉದ್ದ ಅಂತ ಬೋರ್‌ವೆಲ್ ಪೈಪಿನ ಕೆಳಗೆ ಕಾಲಿಟ್ಟು ಕೂತವನಿಗೇ ಗೊತ್ತು, ಐದು ನಿಮಿಷಕ್ಕೇ ಸಾಕು ಭಾವ ಅನ್ನುತ್ತಿದ್ದ. ಬಿಡಲಿಲ್ಲ. ಅಂಟಿಕೊಂಡಿದ್ದ ಶಾರ್ಟ್ಸಿನ ಚೂರನ್ನು ಕೀಳಲಿಲ್ಲ. ಒಗೆದ ಪಂಚೆಯನ್ನು ಸಡಿಲವಾಗಿ ಮುಚ್ಚಿ, ಟೆಂಪೋ ಹಿಡಿದು ಪುಣೆಗೆ ಬಂದೆವು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ನೀರು ಎಷ್ಟು ಹೊತ್ತು ಬಿಟ್ಟಿರಿ ಅಂತ. ಮೊಣಕಾಲಿನ ಕೆಳಗೆ ಅಂಗೈಯಗಲ ಗುಳ್ಳೆ ಎದ್ದಿತ್ತು, ವಾಸಿಯಾಗಲು ಮೂರು ವಾರ ಬೇಕಾಯಿತು, ಕಲೆ ಇನ್ನೂ ಇದೆ. ನನ್ನ ಮುಂಗೈಯ ಕೂದಲು ಹೋದದ್ದು ಬಿಟ್ಟರೆ ನನಗೇನೂ ಆಗಲಿಲ್ಲ, ಅದಕ್ಕೇ ಮನೆಯಲ್ಲಿ ಇನ್ನಷ್ಟು ಸಿಟ್ಟು.

ಗಾಯ ಮಾಯುವವರೆಗೆ ಕೂತು ಇದು ಯಾಕೆ ಹೀಗಾಯಿತು ಅಂತ ಓದಿದೆ. ಸೌದೆ, ಸೀಮೆಎಣ್ಣೆ, ಮೇಣದ ಬತ್ತಿಯ ಉರಿ ಹಳದಿ ಕಾಣುವುದು ಅದರೊಳಗಿನ ಮಸಿಯ ಕಣಗಳು ಕಾದು ಹೊಳೆಯುವುದರಿಂದ. ಸ್ಪಿರಿಟ್ ಉರಿದರೆ ಮಸಿ ಇಲ್ಲವೇ ಇಲ್ಲ ಅನ್ನಬಹುದು, ಪಾತ್ರೆ ಕಪ್ಪಾಗುವುದಿಲ್ಲ ಅಂತ ನಾವು ಮೆಚ್ಚುವುದೂ ಅದಕ್ಕೇ. ಮಸಿ ಇಲ್ಲದ ಮಸುಕು ನೀಲಿ ಉರಿ ಬಿಸಿಲಿಗೆ ಎಲ್ಲಿ ಕಾಣಬೇಕು? 1981ರ ಇಂಡಿಯಾನಾಪೊಲಿಸ್ 500 ಕಾರ್ ರೇಸಿನಲ್ಲಿ ಚಾಲಕ ರಿಕ್ ಮಿಯರ್ಸ್ ಅವರ ಕಾರಿಗೆ ಇಂಧನ ತುಂಬುವಾಗ ಮೆಥನಾಲ್ ಚೆಲ್ಲಿ ಬೆಂಕಿ ಹತ್ತಿತು. ಅವರು ಮೈ ಬಡಿದುಕೊಳ್ಳುತ್ತಿದ್ದರೂ ಉರಿ ಕಣ್ಣಿಗೆ ಬೀಳುತ್ತಿರಲಿಲ್ಲ. ಅಷ್ಟು ಪಳಗಿದ ಜನಕ್ಕೇ ಹಾಗಾದರೆ ಉಪ್ಪಿಟ್ಟಿನ ಪಾತ್ರೆ ಹಿಡಿದ ನಾನು ಯಾವ ಲೆಕ್ಕ.

ಇನ್ನು ಬಾಟಲಿಯ ಕಥೆ. ಪೆಟ್ರೋಲ್ ಡಬ್ಬಿಯ ಖಾಲಿ ಭಾಗದಲ್ಲಿ ಆವಿ ಎಷ್ಟು ದಟ್ಟ ಅಂದರೆ ಸಾಮಾನ್ಯವಾಗಿ ಒಳಗೆ ಉರಿಯಲು ಗಾಳಿಯೇ ಸಾಲುವುದಿಲ್ಲ. ಸ್ಪಿರಿಟ್ ಹಾಗಲ್ಲ. ಗಾಳಿಯಲ್ಲಿ ಎಥನಾಲ್ ಆವಿ ಸುಮಾರು 3ರಿಂದ 19 ಶೇಕಡಾ ಇದ್ದರೆ ಹೊತ್ತಿಕೊಳ್ಳುತ್ತದೆ, ನಮ್ಮ 20, 30 ಡಿಗ್ರಿ ಹವೆಯಲ್ಲಿ ಮುಚ್ಚಿದ ಬಾಟಲಿಯೊಳಗೆ ಇರುವುದು ಸರಿಯಾಗಿ ಆ ಹದವೇ. ಉರಿ ಧಾರೆಯ ಜೊತೆ ಏರಿ ಒಳಗೆ ಹೋದರೆ ಆವಿ ಒಮ್ಮೆಗೇ ಹತ್ತಿ, ಉಳಿದ ಸ್ಪಿರಿಟ್ಟನ್ನು ಹೊರಕ್ಕೆ ದಬ್ಬುತ್ತದೆ. ತುಂಬಿದ ಬಾಟಲಿಗಿಂತ ಅರೆಖಾಲಿ ಬಾಟಲಿ ಜಾಸ್ತಿ ಅಪಾಯ ಅನ್ನುವುದು ಇದಕ್ಕೇ. ಚಿಮ್ಮುವುದು ಬಾಟಲಿಯ ಬಾಯಿ ಇದ್ದ ಕಡೆಗೆ, ಅಂದರೆ ಸುರಿಯುವವನಿಗಲ್ಲ, ಎದುರಿಗೆ ಕೂತವನಿಗೆ.

ನಮ್ಮಮ್ಮ ಸೀಮೆಎಣ್ಣೆಯ ಪಂಪ್ ಸ್ಟವ್ ಹಚ್ಚುತ್ತಿದ್ದ ಕಾಲದಲ್ಲಿ ಬರ್ನರ್ ಬಿಸಿ ಮಾಡಲು ಅದರ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ, ಬಾಟಲಿಗೆ ಮುಚ್ಚಳ ಬಿಗಿದು, ಅದನ್ನು ಗೂಡಿನಲ್ಲಿಟ್ಟು ಬಂದ ಮೇಲೇ ಕಡ್ಡಿ ಗೀರುತ್ತಿದ್ದರು. ಒಲೆ ಆರಿಹೋದರೆ ಮತ್ತೆ ಸ್ಪಿರಿಟ್ ಹಾಕುವ ಮೊದಲು ಬರ್ನರ್ ತಣ್ಣಗಾಗಲು ಬಿಡುತ್ತಿದ್ದರು. ನಾನು ಹಸಿವು ಹಸಿವು ಅಂತ ರೇಗುತ್ತಿದ್ದೆ. ಬೆಂಕಿಗೆ ತುಪ್ಪ ಸುರಿಯಬೇಡ ಅಂತ ಗಾದೆಯಲ್ಲಿ ಕಲಿತದ್ದನ್ನು ಒಲೆಯ ಮುಂದೆ ಮರೆತೆ.

ಈಗ ನಾನು ಮಾಡುವುದು ಹೀಗೆ. ಸ್ಪಿರಿಟ್‌ಗೆ ಬೇರೆಯದೇ ಗಟ್ಟಿ ಬಾಟಲಿ, ಮೇಲೆ ಕೆಂಪು ಟೇಪು, ಸೈಕಲ್‌ನ ಇನ್ನೊಂದು ಬದಿಯ ಬ್ಯಾಗು. ಒಂದು ಸಲಕ್ಕೆ ಬೇಕಾದಷ್ಟನ್ನು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು ಹಾಕಿ, ಬಾಟಲಿ ಮುಚ್ಚಿ ಹತ್ತು ಹೆಜ್ಜೆ ಆಚೆ ಇಟ್ಟು ಬಂದ ಮೇಲೆಯೇ ಕಡ್ಡಿ. ನಡುವೆ ಮುಗಿದರೆ ಮುಗಿಯಿತು. ಒಲೆಯ ಮೇಲೆ ಸ್ಟೀಲ್ ಡಬ್ಬಿ ಬೋರಲು ಹಾಕಿ, ಐದು ನಿಮಿಷ ಬಿಟ್ಟು, ಹೊರಗಿನಿಂದ ಬೆರಳು ತಾಗಿಸಿ ತಣ್ಣಗಿದ್ದರೆ ಮಾತ್ರ ಮತ್ತೆ ಸ್ಪಿರಿಟ್. ಡಬ್ಬಿ ಮುಚ್ಚುವ ಮೊದಲು ಆರಿದೆಯಾ ಅಂತ ನೋಡುವ ಗೋಜಿಗೇ ಹೋಗುವುದಿಲ್ಲ, ಉರಿಯುತ್ತಿದೆ ಅಂತಲೇ ಲೆಕ್ಕ. ಒಲೆಯ ಕೆಳಗೆ ಒಂದು ಹಳೆಯ ತಗಡು, ಸುತ್ತ ಎರಡಡಿ ಹುಲ್ಲು ಕೆರೆದ ಜಾಗ. ಟೆಂಟಿನೊಳಗೆ ಹಚ್ಚುವ ಮಾತೇ ಇಲ್ಲ. ಮುಂಬೈಯಿಂದ ಲೋನಾವಳಕ್ಕೆ ಟ್ರೈನಿನಲ್ಲಿ ಸೈಕಲ್ ಹಾಕಿಕೊಂಡು ಬರುವ ಗೆಳೆಯರಿಗೆ ಒಂದು ಮಾತು, ಸ್ಪಿರಿಟ್ ಬಾಟಲಿ ಜೊತೆಗೆ ತರಬೇಡಿ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಇದೆ.

ಮುಂದಿನ ತಿಂಗಳು ಪವನಾ ಕಡೆ ಹೋಗೋಣ ಅಂತ ಬಾಮೈದನೇ ಫೋನ್ ಮಾಡಿದ್ದ. ಒಲೆ ಯಾರು ತರುವುದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾವ, ಅವಲಕ್ಕಿಗೆ ಮೊಸರು ಸಾಕಲ್ವಾ? ಚಹಾ ಟಪರಿಯಲ್ಲಿ ಕುಡಿಯೋಣ" ಅಂದ.