ಡೈನಾಸ್ಟಿ ವಾರಿಯರ್ಸ್ ಒರಿಜಿನ್ಸ್: ಬರೀ ಬಟನ್ ಕುಟ್ಟೋ ಆಟ ಅಲ್ಲ

ಡೈನಾಸ್ಟಿ ವಾರಿಯರ್ಸ್ ತರಹದ ಮುಸೋ ಆಟಗಳ, ಅಂದರೆ ಒಬ್ಬನೇ ಯೋಧ ಸಾವಿರಾರು ಸೈನಿಕರನ್ನು ಹೊಡೆದುರುಳಿಸುವ ವಿಡಿಯೋ ಗೇಮ್‌ಗಳ ಮಾತು ಬಂದರೆ ಸಾಕು, "ಅದರಲ್ಲೇನಿದೆ, ಒಂದೇ ಬಟನ್ ಕುಟ್ಟುತ್ತಾ ಇದ್ದರೆ ಸಾವಿರ ಜನ ಬೀಳ್ತಾರೆ" ಅನ್ನುವವರೇ ಜಾಸ್ತಿ. ಡೈನಾಸ್ಟಿ ವಾರಿಯರ್ಸ್ ಸರಣಿಯ ಹಳೆಯ ಕೆಲವು ಆಟಗಳಿಗೆ ಆ ಮಾತು ಸಲ್ಲುತ್ತೆ. 2018ರ ಒಂಬತ್ತನೇ ಭಾಗದಲ್ಲಂತೂ ದೊಡ್ಡ ಮ್ಯಾಪ್ ಇತ್ತು, ಅದರ ತುಂಬಾ ಖಾಲಿ ಬಯಲು. ಆದರೆ 2025ರ ಜನವರಿಯಲ್ಲಿ ಬಂದ ಒರಿಜಿನ್ಸ್ ಆಡಿದ ಮೇಲೂ ಯಾರಾದರೂ ಹಾಗೇ ಅಂದರೆ ನಾನು ಒಪ್ಪಲ್ಲ.

ಕಥೆ ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲದ ಚೀನಾದ್ದು. ಕ್ರಿ.ಶ. 184ರ ಹಳದಿ ಪೇಟದವರ ದಂಗೆಯಿಂದ ಶುರುವಾಗಿ 208ರ ಚಿಬಿ ಯುದ್ಧದವರೆಗೆ ಬರುತ್ತೆ. ನೀವು ಹಳೆಯದೆಲ್ಲ ಮರೆತ ಒಬ್ಬ ಅಲೆಮಾರಿ ಯೋಧ. ನಡುವೆ ಒಂದು ಕಡೆ, ಅಧಿಕಾರಕ್ಕೆ ಹೊಡೆದಾಡುವ ತ್ಸಾವ್ ತ್ಸಾವ್, ಲಿಯು ಬೇ, ಸುನ್ ಮನೆತನ, ಈ ಮೂರರಲ್ಲಿ ಯಾರ ಪಕ್ಷ ಅಂತ ಆರಿಸಿಕೊಳ್ಳಬೇಕು.

ಇಲ್ಲಿ ಗುಂಪು ಗುಂಪಾಗಿ ಬರುವ ಸೈನಿಕರು ನಿಮ್ಮ ನಿಜವಾದ ಎದುರಾಳಿಗಳಲ್ಲ. ಅವರನ್ನು ಪೈರು ಕೊಯ್ದ ಹಾಗೆ ಕೊಯ್ಯಬಹುದು, ಆ ಮಜಾ ಇದ್ದೇ ಇದೆ. ಆದರೆ ಏಟು ಕೊಡುತ್ತಾ, ಸರಿಯಾದ ಹೊತ್ತಿಗೆ ತಡೆಯುತ್ತಾ ಹೋದರೆ ಬ್ರೇವರಿ ಅನ್ನೋ ಗೇಜ್ ತುಂಬುತ್ತೆ. ಅದನ್ನು ಖರ್ಚು ಮಾಡಿ ವಿಶೇಷ ಏಟು ಹೊಡೆಯಬೇಕಾದ್ದು ಶತ್ರು ಸೇನಾನಿಗಳ ಮೇಲೆ. ಅವರ ತಡೆದುಕೊಳ್ಳುವ ಗಟ್ಟಿತನ ಒಡೆಯುವವರೆಗೂ ಅವರು ಜಗ್ಗಲ್ಲ. ಒಡೆದ ಕ್ಷಣ ಮಾತ್ರ ಒಂದು ಭಾರೀ ಹೊಡೆತಕ್ಕೆ ಜಾಗ ಸಿಗುತ್ತೆ, ಆ ಹೊಡೆತಕ್ಕೆ ಸುತ್ತ ಇದ್ದವರೂ ಹಾರಿ ಬೀಳ್ತಾರೆ. ಹುಲಾವ್ ದ್ವಾರದ ಯುದ್ಧದಲ್ಲಿ ಭಯಂಕರ ಯೋಧ ಲೂ ಬು ಎದುರು ನಿಂತಾಗ ಇದೆಲ್ಲ ಯಾಕೆ ಬೇಕು ಅಂತ ಗೊತ್ತಾಗುತ್ತೆ. ಒಂದೇಟು ತಡೆದೆ ಅಂತ ಖುಷಿಯಲ್ಲಿ ತಿರುಗಿ ಹೊಡೆಯೋಕೆ ಹೋದರೆ ಅವನ ಮುಂದಿನ ಏಟು ಆಗಲೇ ಬಂದಿರುತ್ತೆ, ಸುಮ್ನೆ ಕುಟ್ಟುವವರಿಗೆ ಅಲ್ಲಿ ಉಳಿಗಾಲವಿಲ್ಲ. ಅವನ ಕೈ ನೋಡಬೇಕು, ಕಾಯಬೇಕು, ಆಮೇಲೆ ಹೊಡೆಯಬೇಕು.

ನನಗೆ ಇನ್ನೂ ಹಿಡಿಸಿದ್ದು ರಣರಂಗದ ಲೆಕ್ಕಾಚಾರ. ನೀವು ಒಂದು ಮೂಲೆಯಲ್ಲಿ ನೂರಾರು ಜನರನ್ನು ಉರುಳಿಸುತ್ತಾ ಮೈಮರೆತಿದ್ದರೆ ಇನ್ನೊಂದು ಮೂಲೆಯಲ್ಲಿ ನಿಮ್ಮ ಕಡೆಯ ದಳಪತಿ ಸೋತು, ಸೈನ್ಯದ ಉತ್ಸಾಹ ಕುಸಿದು, ಗೆಲ್ಲಬೇಕಿದ್ದ ಯುದ್ಧ ಕೈತಪ್ಪುತ್ತೆ. ಹಾಗಾಗಿ ಕುದುರೆ ಹತ್ತಿ ಎಲ್ಲಿಗೆ ಮೊದಲು ಓಡಬೇಕು ಅನ್ನೋದೇ ದೊಡ್ಡ ಪ್ರಶ್ನೆ ಆಗಿಬಿಡುತ್ತೆ.

ಆಯುಧಗಳೂ ಒಂದರ ಹಾಗೆ ಇನ್ನೊಂದಿಲ್ಲ. ಕತ್ತಿ ಸುಲಭ, ಎರಡು ಚಕ್ರಗಳನ್ನು ಪಳಗಿಸೋಕೆ ಹೊತ್ತು ಬೇಕು. ಬೇರೆ ಬೇರೆ ಆಯುಧದಲ್ಲಿ ಕೈ ಕುದುರಿದಷ್ಟೂ ನಿಮ್ಮ ಮಟ್ಟ ಏರುವುದರಿಂದ ಒಂದನ್ನೇ ಹಿಡಿದು ಕೂರುವವರೂ ಬದಲಾಯಿಸಲೇಬೇಕಾಗುತ್ತೆ. ಇದು ಒಳ್ಳೆಯ ಉಪಾಯ.

ಕೊರತೆ ಇಲ್ಲ ಅಂತಲ್ಲ. ದೊಡ್ಡ ಯುದ್ಧಗಳ ನಡುವೆ ಬರುವ ಚಿಕ್ಕ ಕಾಳಗಗಳು ಒಂದೇ ತರಹ, ಬೇಜಾರು ತರಿಸುತ್ತವೆ. ಅವನ್ನೆಲ್ಲ ಬಿಡದೆ ಆಡಿದರೆ ನೀವು ತುಂಬಾ ಬಲಶಾಲಿಯಾಗಿ, ಮುಂದಿನ ಯುದ್ಧದ ಬಿಸಿಯೇ ಆರಿಹೋಗುತ್ತೆ. ಆದ್ದರಿಂದ ಬೇಕಾದಷ್ಟು ಮಾತ್ರ ಆಡಿ. ಸುಲಭದ ಹಂತ ಆರಿಸಿಕೊಂಡರಂತೂ ಮೇಲೆ ಹೇಳಿದ ಯಾವುದೂ ನಿಮಗೆ ಕಾಣಿಸಲ್ಲ, ಕುಟ್ಟಿದರೇ ಗೆಲುವು. ಕಷ್ಟದ ಹಂತದಲ್ಲೇ ಶುರು ಮಾಡಿ. ಕಥೆ ಮುಗಿಸಿದವರಿಗೆ ಅದಕ್ಕಿಂತ ಮೇಲಿನ ಹಂತವೂ ತೆರೆಯುತ್ತೆ, ಅಲ್ಲಿ ಮಾಮೂಲಿ ಸೇನಾನಿಯೂ ಬೆವರಿಳಿಸುತ್ತಾನೆ.

ನನಗೆ ನಿಜವಾಗಿ ನೋವಾದದ್ದು ಒಂದೇ. ಈ ಸರಣಿಯ ಹಳೆಯ ಆಟಗಳಲ್ಲಿ ಇಬ್ಬರು ಒಂದೇ ಟಿವಿ ಮುಂದೆ ಕೂತು, ಪರದೆ ಎರಡು ಭಾಗ ಮಾಡಿಕೊಂಡು ಆಡಬಹುದಿತ್ತು. ಇದರಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಮನೆಯಲ್ಲಿ ತಮ್ಮನ ಜೊತೆ ಆಡೋಣ ಅಂತ ಎರಡನೇ ಕಂಟ್ರೋಲರ್ ತರಲು ಹೊರಟಿದ್ದರೆ, ಈ ಆಟಕ್ಕಾಗಿ ದುಡ್ಡು ಹಾಕಬೇಡಿ.