ಸವೆದ ಪದ ತೆಗೆದ ಜಾಗಕ್ಕೆ ಏನು? ನಾಲ್ಕು ದಾರಿಗಳ ಹೋಲಿಕೆ

"ನಮ್ಮ ಅತ್ಯಾಧುನಿಕ ತಂತ್ರಜ್ಞಾನ ಆಧಾರಿತ ಸಮಗ್ರ ಬಿಲ್ಲಿಂಗ್ ಪರಿಹಾರವು ನಿಮ್ಮ ವ್ಯವಹಾರವನ್ನು ಮುಂದಿನ ಹಂತಕ್ಕೆ ಒಯ್ಯುತ್ತದೆ."

ಅಂಗಡಿಯವರಿಗೆ ಮಾರುವ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಮಾದರಿ ಜಾಹೀರಾತು ಇದು. 'ಬಿಲ್ಲಿಂಗ್' ತೆಗೆದು 'ವಿಮೆ' ಎಂದೋ 'ತರಬೇತಿ' ಎಂದೋ ಹಾಕಿದರೂ ವಾಕ್ಯ ಕದಲುವುದಿಲ್ಲ. ಯಾರಿಗೆ ಬೇಕಾದರೂ ಹೊಂದುತ್ತದೆ. ಬಳಸಿ ಬಳಸಿ ಅರ್ಥ ಕಳೆದುಕೊಂಡ ಇಂಥ ಪದಗಳೇ ಸವೆದ ಪದಗಳು. ಇದನ್ನೇ ನಾಲ್ಕು ಬಗೆಯಲ್ಲಿ ತಿದ್ದಿ ಪಕ್ಕಪಕ್ಕ ಇಟ್ಟು ನೋಡಿದೆವು.

ಮೊದಲ ದಾರಿ, ಸಮಾನಾರ್ಥಕ ಹುಡುಕುವುದು. 'ಅತ್ಯಾಧುನಿಕ' ಹೋಗಿ 'ವಿನೂತನ', 'ಸಮಗ್ರ' ಹೋಗಿ 'ಪರಿಪೂರ್ಣ' ಬರುತ್ತದೆ. ಓದುಗನಿಗೆ ಹೊಸದೇನೂ ಸಿಗುವುದಿಲ್ಲ. ಈ ದಾರಿಯನ್ನು ಪೂರ್ತಿ ಬಿಡಬಹುದು.

ಎರಡನೆಯದು ಇಂಗ್ಲಿಷ್ ಪದ: "ಸ್ಮಾರ್ಟ್ ಬಿಲ್ಲಿಂಗ್ ಸೊಲ್ಯೂಷನ್." ಕೇಳಲು ಚುರುಕು, ಆದರೆ 'ಸ್ಮಾರ್ಟ್', 'ಸೊಲ್ಯೂಷನ್' ಎರಡೂ ಅಷ್ಟೇ ಸವೆದಿವೆ. ಇಲ್ಲಿ ಉಳಿಸಿಕೊಳ್ಳಬೇಕಾದ್ದು 'ಬಿಲ್', 'ಸ್ಟಾಕ್', 'ಸ್ಕ್ಯಾನ್' ತರಹದವು. ಗಲ್ಲಾಪೆಟ್ಟಿಗೆ ಮುಂದೆ ಕೂತವರು ದಿನವೂ ಆಡುವ ಮಾತು ಅವು. 'ದಾಸ್ತಾನು' ಎಂದು ಬದಲಿಸಿದರೆ ವಾಕ್ಯ ಸರ್ಕಾರಿ ಸುತ್ತೋಲೆಯಾಗುತ್ತದೆ.

ಮೂರನೆಯದು ಆಡುಮಾತು: "ಬಿಲ್ ಬರೆಯೋ ತಲೆನೋವು ಇನ್ನಿಲ್ಲ." ಇದಕ್ಕೆ ಜೀವವಿದೆ, ಕಿವಿಗೆ ಹಿತ. ಶೀರ್ಷಿಕೆಯಾಗಿ ಗೆಲ್ಲುತ್ತದೆ, ಆದರೆ ಒಂಟಿಯಾಗಿ ನಿಲ್ಲುವುದಿಲ್ಲ. ತಲೆನೋವು ಹೇಗೆ ಹೋಗುತ್ತದೆ ಎಂದು ಮುಂದಿನ ಸಾಲು ಹೇಳದಿದ್ದರೆ ಇದೂ ಪೊಳ್ಳು ಮಾತೇ. ಇನ್ನೊಂದು ಎಚ್ಚರ: ಶೀರ್ಷಿಕೆಯಲ್ಲಿ 'ಬರೆಯೋ', ಕೆಳಗೆ 'ಬರೆಯಲಾಗುವುದು' ಎಂದಿದ್ದರೆ ಇಬ್ಬರು ಬರೆದಂತೆ ಕಾಣುತ್ತದೆ.

ನಾಲ್ಕನೆಯದು ಕೆಲಸವನ್ನೇ ಹೇಳುವುದು: "ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಬಿಲ್ ರೆಡಿ. ನೆಟ್ ಇಲ್ಲದಿದ್ದರೂ ನಡೆಯುತ್ತದೆ." ನಮ್ಮ ಆಯ್ಕೆ ಇದೇ. ಹೊಗಳುವ ವಿಶೇಷಣ ಒಂದೂ ಇಲ್ಲ, ಕ್ರಿಯಾಪದಗಳೇ ಭಾರ ಹೊತ್ತಿವೆ. ಪೈಪೋಟಿಯ ಕಂಪನಿಯ ಸಾಫ್ಟ್‌ವೇರ್‌ಗೆ ನೆಟ್ ಬೇಕೇಬೇಕು ಎಂದಾದರೆ ಅವರು ಈ ಸಾಲನ್ನು ಕದಿಯಲೂ ಆಗದು.

ಎಸ್‌ಎಂಎಸ್‌ನಲ್ಲಿ ಈ ವ್ಯತ್ಯಾಸ ದುಡ್ಡಿನಲ್ಲೇ ಕಾಣುತ್ತದೆ. ಕನ್ನಡ ಲಿಪಿಯ ಒಂದು ಸಂದೇಶಕ್ಕೆ ಮಿತಿ 70 ಅಕ್ಷರಸಂಕೇತ. ಒತ್ತು, ಗುಣಿತಗಳೂ ಎಣಿಕೆಗೆ ಬರುತ್ತವೆ. 'ಕ್ಷ' ಒಂದೇ 3 ತಿನ್ನುತ್ತದೆ. 'ಅತ್ಯಾಧುನಿಕ ತಂತ್ರಜ್ಞಾನ ಆಧಾರಿತ' ಎಂಬಷ್ಟಕ್ಕೇ 28 ಖರ್ಚು. ಮೂಲ ವಾಕ್ಯ ಎರಡು ಸಂದೇಶವಾಗಿ ಒಡೆಯುತ್ತದೆ, ನಾಲ್ಕನೆಯದು ಒಂದರಲ್ಲೇ ಕೂರುತ್ತದೆ. ಗೂಗಲ್ ಹುಡುಕಾಟ ಜಾಹೀರಾತಿನ ಶೀರ್ಷಿಕೆಗಂತೂ 30ರ ಮಿತಿ, ವಿವರಣೆಗೆ 90.

ನಾಲ್ಕನೆಯ ದಾರಿಗೆ ಕಷ್ಟ ಬೇರೆ ಕಡೆ ಇದೆ: ಬರೆಯುವವರಿಗೆ ಸರಕು ಗೊತ್ತಿರಬೇಕು. ಸವೆದ ಪದ ನುಸುಳುವುದು ಹೆಚ್ಚಾಗಿ ಮಾಹಿತಿ ಖಾಲಿ ಇರುವ ಜಾಗದಲ್ಲಿ. ಹಾಗಾಗಿ ಪ್ರತಿ ವಿಶೇಷಣದ ಕೆಳಗೆ ಗೆರೆ ಎಳೆದು, ಸಾಫ್ಟ್‌ವೇರ್ ಮಾಡಿದವರನ್ನು "ಅಂದರೆ ಏನು ಮಾಡುತ್ತದೆ?" ಎಂದು ಕೇಳಿ. ಉತ್ತರ ಬಂದರೆ ಅದನ್ನೇ ಬರೆಯಿರಿ, ಬರದಿದ್ದರೆ ಪದ ಹೊಡೆದುಹಾಕಿ. "ಗುಣಮಟ್ಟದ ಸೇವೆ" ಬಗ್ಗೆ ಅನುಮಾನವಿದ್ದರೆ ತಿರುಗಿಸಿ ನೋಡಿ: ಕಳಪೆ ಸೇವೆ ಎಂದು ಯಾರೂ ಹೇಳಿಕೊಳ್ಳುವುದಿಲ್ಲ, ಆದ್ದರಿಂದ ಅದಕ್ಕೆ ತೂಕವಿಲ್ಲ. "ಕರೆ ಮಾಡಿದ 2 ಗಂಟೆಯೊಳಗೆ ಉತ್ತರ" ಎಂಬುದಕ್ಕೆ ಇದೆ. ಆದರೆ ಆ 2 ಗಂಟೆ ನಿಜವಾಗಿರಬೇಕು, ಅದು ಬದಲಾದ ದಿನವೇ ಜಾಹೀರಾತೂ ಬದಲಾಗಬೇಕು.

ಒಂದು ವಿನಾಯಿತಿ: ಲೆಕ್ಕಪರಿಶೋಧಕರಿಗೆ ಬರೆಯುವಾಗ 'ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್' ಹಾಗೆಯೇ ಇರಲಿ. ಅವರ ಕಸುಬಿನಲ್ಲಿ ಅದಕ್ಕೆ ಖಚಿತ ಅರ್ಥವಿದೆ: ಖರೀದಿಗೆ ಕಟ್ಟಿದ ತೆರಿಗೆಯನ್ನು ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ಸರಳಗೊಳಿಸಲು ಹೋದರೆ ತಪ್ಪಾಗುತ್ತದೆ.