ಸ್ಟಾರ್‌ಡ್ಯೂ ವ್ಯಾಲಿ: ಮೂರು ವರ್ಷ ಆಡಿದ ಮೇಲೆ

ರಾತ್ರಿ ಒಂಬತ್ತೂವರೆಗೆ ನಮ್ಮ ಮನೆಯಲ್ಲಿ ಊಟ ಮುಗಿಯುತ್ತದೆ. ಪಾತ್ರೆ ತೊಳೆದು, ತಮ್ಮನ ಹಳೇ ಲ್ಯಾಪ್‌ಟಾಪ್ ತೆಗೆದು, ಫ್ಯಾನ್ ಕೆಳಗೆ ಚಾಪೆ ಹಾಸಿಕೊಂಡು ಕೂರುತ್ತೇನೆ. ಸ್ಟಾರ್‌ಡ್ಯೂ ವ್ಯಾಲಿ ಅಂದರೆ ಹಳ್ಳಿಯಲ್ಲಿ ಹೊಲ ಮಾಡುವ ಕಂಪ್ಯೂಟರ್ ಆಟ. ಆಟದಲ್ಲಿ ಆಗ ಬೆಳಿಗ್ಗೆ ಆರು ಗಂಟೆ. ಎದ್ದ ಕೂಡಲೇ ಟಿವಿ ಹಾಕಿ ನಾಳೆ ಮಳೆ ಇದೆಯಾ ಅಂತ ನೋಡುತ್ತೇನೆ. ಮಳೆ ಬಂದರೆ ನೀರು ಹಾಕುವ ಕೆಲಸ ಇಲ್ಲ, ಅಷ್ಟೂ ಹೊತ್ತು ಕೈಗೆ ಸಿಗುತ್ತದೆ. ಆಮೇಲೆ ಕೋಳಿಗೂಡಿನ ಬಾಗಿಲು ತೆಗೆಯಬೇಕು, ಮೊಟ್ಟೆ ಎತ್ತಿಡಬೇಕು, ಹಸುವಿನ ಮೈ ಸವರಬೇಕು. ಸವರಿದರೆ ಅದರ ತಲೆ ಮೇಲೆ ಪುಟ್ಟ ಹೃದಯ ಮೂಡುತ್ತದೆ. ಅದಕ್ಕೆ ಗೌರಿ ಅಂತ ಹೆಸರಿಟ್ಟಿದ್ದೇನೆ. ಮೂರು ವರ್ಷದಲ್ಲಿ ಒಂದು ದಿನವೂ ಗೌರಿಯ ಮೈ ಸವರದೆ ಬೇರೆ ಕೆಲಸಕ್ಕೆ ಹೋಗಿಲ್ಲ.

ಅವ್ವ ಪಕ್ಕದಲ್ಲೇ ಮಲಗಿ ನೋಡುತ್ತಾಳೆ. ಅವಳು ಸಿರುಗುಪ್ಪ ಕಡೆಯವಳು, ಭತ್ತದ ಗದ್ದೆಯಲ್ಲಿ ಬೆಳೆದವಳು. ಮೊದಲ ಬೆಳೆ ಪಾರ್ಸ್ನಿಪ್, ಒಂಥರಾ ಬಿಳಿ ಗಜ್ಜರಿ. ಅದು ನಾಲ್ಕು ದಿನಕ್ಕೆ ಕೊಯ್ಲಿಗೆ ಬಂದಾಗ ಅವ್ವ ಎದ್ದು ಕೂತಳು. "ನಾಲ್ಕೇ ದಿನಕ್ಕ ಗಜ್ಜರಿ ಬರ್ತದೇನವ್ವಾ? ಯಾವ ನೆಲ ಅದು?" ಅಂದಳು. ಅವತ್ತಿನಿಂದ ಯಾವ ಬೀಜ ತರಬೇಕು ಅನ್ನುವುದು ಅವಳ ತೀರ್ಮಾನ. ಆಟದೊಳಗಿನ ಊರಿನವರು ಬರೆದ ಕಾಗದ ಬಂದರೆ ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತೇನೆ.

ಸೇಲ್‌ನಲ್ಲಿ 300 ರೂಪಾಯಿ ಒಳಗೆ ಸಿಕ್ಕ ಆಟ ಇದು. ಗ್ರಾಫಿಕ್ಸ್, ಗಾತ್ರ, ಯಾವ ಮಿಷಿನ್ ಬೇಕು ಅನ್ನುವುದೆಲ್ಲ ನಿಮಗೆ ಎಲ್ಲಾದರೂ ಸಿಗುತ್ತದೆ. ನಾನು ಹೇಳಬೇಕಾದದ್ದು ಬೇರೆ.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಒಂಬತ್ತು ವರ್ಷದಿಂದ ಚೆಕಿಂಗ್ ಮಾಡುತ್ತೇನೆ. ಪ್ಯಾಂಟ್ ಕೈಗೆ ಬಂದರೆ ಮೊದಲು ತಿರುವಿ ಒಳಗಿನ ಹೊಲಿಗೆ ನೋಡುವುದು ರೂಢಿ. ಹೊರಗಿನದು ಎಲ್ಲರಿಗೂ ಕಾಣುತ್ತದೆ, ಟೇಲರ್ ಅಲ್ಲಿ ಹುಷಾರಾಗಿಯೇ ಇರುತ್ತಾನೆ. ಒಳಗೆ ಜೇಬಿನ ಮೂಲೆ, ಬೆಲ್ಟ್ ಲೂಪ್ ಕೆಳಗಿನ ಬಾರ್‌ಟ್ಯಾಕ್ ಅನ್ನುವ ಒತ್ತು ಹೊಲಿಗೆ, ಅಲ್ಲಿ ಕೆಲಸದ ಗುಣ ಗೊತ್ತಾಗುತ್ತದೆ. ಈ ಆಟವನ್ನೂ ನಾನು ಹಾಗೇ ತಿರುವಿ ನೋಡಿದೆ. ಬೀಜದ ಅಂಗಡಿಗೆ ಬುಧವಾರ ರಜೆ. ಮಳೆ ಬಂದ ದಿನ ಊರಿನವರು ದಿನದ ದಾರಿ ಬಿಟ್ಟು ಬೇರೆ ಕಡೆ ಇರುತ್ತಾರೆ. ಡೇರೆಯಲ್ಲಿರುವ ಬಡವನೊಬ್ಬನ ಜೊತೆ ಮಾತಾಡುತ್ತಾ ಹೋದರೆ ಅವನ ಮಾತಿನ ಧಾಟಿ ನಿಧಾನವಾಗಿ ಬದಲಾಗುತ್ತದೆ. ಯಾರೂ ನೋಡದ ಮೂಲೆಯಲ್ಲೂ ಹೊಲಿಗೆ ಗಟ್ಟಿ ಇದೆ. ನನಗೆ ಆದ ಸಂತೋಷ ಇದೇ.

ಮಾಡಿದವರು ಎರಿಕ್ ಬರೋನ್, ಒಬ್ಬರೇ. ಚಿತ್ರ, ಸಂಗೀತ, ಮಾತು, ಪ್ರೋಗ್ರಾಂ ಎಲ್ಲ ಅವರದೇ. ನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿಯಿತು. ಹೊಟ್ಟೆಪಾಡಿಗೆ ಥಿಯೇಟರ್‌ನಲ್ಲಿ ಜನರನ್ನು ಸೀಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದರು. ಅರ್ಧ ಆದ ಆಟವನ್ನೇ ಮೊದಲು ಮಾರಿ ಆಮೇಲೆ ಪೂರ್ತಿ ಮಾಡುವ ದಾರಿ ಇತ್ತು, ಬೇಡ ಅಂದರು. ಚಕಲ್‌ಫಿಶ್ ಅನ್ನುವ, ಆಟಗಳನ್ನು ಮಾರುಕಟ್ಟೆಗೆ ತರುವ ಸಣ್ಣ ಪ್ರಕಾಶಕರ ಮೂಲಕ 2016ರ ಫೆಬ್ರವರಿ 26ಕ್ಕೆ ಆಟ ಹೊರಬಂತು. ಅವರ ಮನೆಯಲ್ಲಿ ದುಡಿಯುವ ಜೊತೆಗಾತಿ ಇದ್ದರು, ಅದಕ್ಕೇ ಅಷ್ಟು ವರ್ಷ ಸಾಧ್ಯವಾಯಿತು. ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ, ಅದು ನನಗೂ ಗೊತ್ತು.

ಈಗ ತಮ್ಮನ ವಿಷಯ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಅವನು ಮೊದಲ ಸಂಬಳದಲ್ಲಿ ಒಂದು ದೊಡ್ಡ ಕಾರ್ ರೇಸ್ ಆಟ ಕೊಂಡ. 3,500 ರೂಪಾಯಿ. ಅವನು ಒಂದು ವರ್ಷ ಕಾದಿದ್ದ ಆಟ. ವರ್ಷದ ಕೊನೆಯ ವ್ಯಾಪಾರ ಹಿಡಿಯಲಿಕ್ಕೆ ನವೆಂಬರ್‌ನಲ್ಲಿ ಬಿಟ್ಟರು. ಎರಡು ರಾತ್ರಿ ಡೌನ್‌ಲೋಡ್ ಆಯಿತು. ಮೊದಲ ರೇಸ್‌ನಲ್ಲೇ ಕಾರು ರಸ್ತೆಯೊಳಗೆ ಇಳಿದುಹೋಯಿತು. ರಸ್ತೆ ಮೇಲೆ, ಕಾರು ಕೆಳಗೆ. ಎಂಟು ದಿನ ಆಡಿ ಗೆದ್ದದ್ದೆಲ್ಲ ಒಂದು ಸಂಜೆ ಅಳಿಸಿಹೋಗಿತ್ತು. ಸರಿಪಡಿಸಿದ ಅಪ್‌ಡೇಟ್ ಬಂದದ್ದು ಐದು ತಿಂಗಳಿಗೆ. ಅಷ್ಟೊತ್ತಿಗೆ ಅವನು ಅದನ್ನು ತೆಗೆದೇ ಹಾಕಿದ್ದ. "ನಾನೇ ಸರಿಯಾಗಿ ಆಡ್ಲಿಲ್ಲ ಅನ್ಸುತ್ತೆ ಅಕ್ಕಾ" ಅಂದ. ಆ ಮಾತು ನನಗೆ ಬಹಳ ನೋವು ಕೊಟ್ಟಿತು. ತಪ್ಪು ಅವನದಲ್ಲವೇ ಅಲ್ಲ.

ಯಾಕೆ ಹೀಗಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಬ್ಬದ ಮುಂಚೆ ಮಾಲ್ ಕೊಳ್ಳುವ ಪಾರ್ಟಿ ಫೋನ್ ಮಾಡಿ ನಾಳೆ ಬೆಳಿಗ್ಗೆ ಮಾಲ್ ಬೇಕು ಅಂದರೆ ಯೂನಿಟ್‌ನ ಗಾಳಿಯೇ ಬದಲಾಗುತ್ತದೆ. ರಾತ್ರಿ ಎರಡರವರೆಗೆ ಮಿಷಿನ್ ಓಡುತ್ತವೆ. ನಾನು ಪೀಸ್ ಪಕ್ಕಕ್ಕೆ ಇಟ್ಟರೆ ಪ್ಯಾಕಿಂಗ್ ಹುಡುಗ ಬಂದು "ಅಕ್ಕಾ, ಇದೊಂದು ಸಲ ಬಿಡಿ" ಅನ್ನುತ್ತಾನೆ. ಕೆಟ್ಟ ಹುಡುಗ ಅಲ್ಲ, ಅವನ ಮೇಲೂ ಯಾರೋ ಕೂಗಾಡಿರುತ್ತಾರೆ. ಬಿಟ್ಟ ಹೊಲಿಗೆ ಅವತ್ತು ಕಾಣುವುದಿಲ್ಲ. ವಾಷಿಂಗ್‌ಗೆ ಹೋಗಿ ಬಂದ ಮೇಲೆ ಬಿಚ್ಚಿಕೊಳ್ಳುತ್ತದೆ. ಆಟದ ಲೋಕದಲ್ಲಿ ಆ ವಾಷಿಂಗ್ ಆಗುವುದು ನನ್ನ ತಮ್ಮನಂಥವರ ಮನೆಯಲ್ಲಿ, ಅವರ ದುಡ್ಡಿನಲ್ಲಿ.

ಇದು ಹೊಸದೂ ಅಲ್ಲ. 1982ರಲ್ಲಿ ಅಟಾರಿ ಕಂಪನಿ ಇ.ಟಿ. ಸಿನಿಮಾದ ಆಟ ಮಾಡಲು ಹಕ್ಕು ತಗೊಂಡಿತು. ಮಾತುಕತೆ ಮುಗಿದದ್ದು ಜುಲೈ ಕೊನೆಗೆ. ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿ ಇರಬೇಕೆಂದರೆ ಸೆಪ್ಟೆಂಬರ್ ಹೊತ್ತಿಗೆ ಆಟ ಮುಗಿದಿರಬೇಕು. ಹೊವಾರ್ಡ್ ಸ್ಕಾಟ್ ವಾರ್ಷಾ ಅನ್ನುವವರಿಗೆ ಸಿಕ್ಕಿದ್ದು ಐದು ವಾರ. ಅದೇ ಮನುಷ್ಯ ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಕೂತು ಯಾರ್ಸ್ ರಿವೆಂಜ್ ಅನ್ನುವ ಆಟ ಮಾಡಿದ್ದರು, ಅದನ್ನು ಜನ ಇವತ್ತಿಗೂ ಮೆಚ್ಚುತ್ತಾರೆ. ಇ.ಟಿ.ಯಲ್ಲಿ ಮಾತ್ರ ಹೆಜ್ಜೆಗೊಂದು ಗುಂಡಿಗೆ ಬೀಳುವುದು, ಏಳುವುದು. ಮಾರಾಟವಾಗದೆ ಉಳಿದ ಮಾಲನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮಗಾರ್ಡೊ ಊರಿನ ಹತ್ತಿರ ಹೂತರು. 2014ರಲ್ಲಿ ಅಗೆದು ತೆಗೆದರು. ಅದೇ ಟೇಲರ್, ಅದೇ ಕೈ. ಕಮ್ಮಿಯಾದದ್ದು ದಿನ ಮಾತ್ರ.

ತಾರೀಖು ಹೇರಲು ಮೇಲೆ ಬೇರೆ ಪ್ರಕಾಶಕರು ಇಲ್ಲದಿದ್ದರೂ ತಾರೀಖು ಕುತ್ತಿಗೆಗೆ ಬರುತ್ತದೆ. ಸೈಬರ್‌ಪಂಕ್ 2077 ಅನ್ನುವ ಆಟ ಮಾಡಿದ್ದೂ ಪ್ರಕಟಿಸಿದ್ದೂ ಒಂದೇ ಬಳಗ. 2020ರಲ್ಲಿ ಮೂರು ಸಲ ತಾರೀಖು ಮುಂದೂಡಿದರು, ಕೆಲಸಗಾರರಿಗೆ ವಾರಕ್ಕೆ ಆರು ದಿನ ಕೆಲಸ ಅಂದರು, ಡಿಸೆಂಬರ್ 10ಕ್ಕೆ ಬಿಟ್ಟರು. ಒಂದೇ ವಾರಕ್ಕೆ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು ದುಡ್ಡು ವಾಪಸ್ ಕೊಡಲು ಶುರುಮಾಡಿತು. ನಮ್ಮ ಪರೀಕ್ಷೆಯಲ್ಲಿ ಈ ತೊಂದರೆಗಳಲ್ಲಿ ಬಹಳಷ್ಟು ಕಂಡಿರಲಿಲ್ಲ ಅಂತ ಕಂಪನಿ ಆಮೇಲೆ ಹೇಳಿತು. ಚೆಕಿಂಗ್ ಮಾಡುವವಳಾಗಿ ನನಗೆ ಆ ಮಾತು ಕೇಳಿ ಸಂಕಟವಾಯಿತು. ಪರೀಕ್ಷೆ ಮಾಡುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಮಾಲ್ ಕೆಟ್ಟರೆ ಮಾತ್ರ ಎಲ್ಲರಿಗೂ ಅವರ ನೆನಪಾಗುತ್ತದೆ. ಆ ಆಟ 2023ರ ಅಪ್‌ಡೇಟ್ 2.0 ಹೊತ್ತಿಗೆ ಚೆನ್ನಾಯಿತು ಅಂತ ಆಡಿದವರು ಹೇಳುತ್ತಾರೆ. ಆದರೆ ಆ ಅಪ್‌ಡೇಟ್ ಸೋನಿಯ ಹಳೇ ಗೇಮ್ ಮಿಷಿನ್ ಪಿಎಸ್4ಗೆ ಬರಲಿಲ್ಲ. ಹೊಸ ಮಿಷಿನ್ ಕೊಳ್ಳಲು ಆಗದವರು ಹೊರಗೇ ಉಳಿದರು.

ಸ್ಟಾರ್‌ಡ್ಯೂಗೂ ಅಪ್‌ಡೇಟ್ ಬರುತ್ತವೆ. 2024ರ ಮಾರ್ಚ್‌ನಲ್ಲಿ 1.6 ಬಂತು, ಪುಕ್ಕಟೆ. ಅದರಲ್ಲಿ ಹೊಸ ಹಬ್ಬ, ಹೊಸ ಬೆಳೆ, ಹೊಸ ಮಾತು ಇದ್ದವು. ಎಂಟು ವರ್ಷ ಹಳೆಯ ಆಟಕ್ಕೆ ಕೂತು ಇಷ್ಟು ಸೇರಿಸುತ್ತಾರೆ ಅಂದರೆ ನನಗೆ ಮನಸ್ಸು ತುಂಬಿ ಬರುತ್ತದೆ.

ವೇಗ ಬೇಕು ಅನ್ನುವವರಿಗೆ ಮೊದಲ ವಾರ ಬೇಸರ ಆಗಬಹುದು. ಮೀನು ಹಿಡಿಯುವುದು ಕೈಗೆ ಹತ್ತಲು ಟೈಮ್ ಬೇಕು. ದಿನಕ್ಕೆ ಅರ್ಧ ಗಂಟೆ ಸಿಗುವ ನನ್ನಂಥವರಿಗೆ, 500 ರೂಪಾಯಿಗಿಂತ ಜಾಸ್ತಿ ಆಟಕ್ಕೆ ಹಾಕಲಾಗದವರಿಗೆ ಕಣ್ಣುಮುಚ್ಚಿ ಕೊಳ್ಳಿ ಅನ್ನುತ್ತೇನೆ. ತಮ್ಮ ಈಗ ಯಾವ ಆಟವನ್ನೂ ಬಂದ ದಿನ ಕೊಳ್ಳುವುದಿಲ್ಲ, ಆರು ತಿಂಗಳು ಕಾಯುತ್ತಾನೆ. ಭಾನುವಾರ ನನ್ನ ಪಕ್ಕ ಕೂತು ಮೀನು ಹಿಡಿದುಕೊಡುತ್ತಾನೆ.

ಇವತ್ತು ಆಟದಲ್ಲಿ ಚಳಿಗಾಲದ ಹಿಂದಿನ ದಿನ. ಹೊಲದಲ್ಲಿ ಕುಂಬಳಕಾಯಿ ಇನ್ನೂ ಇವೆ, ನಾಳೆಗೆ ಉಳಿದರೆ ಸಾಯುತ್ತವೆ. ಅವ್ವ ಆಗಲೇ ಚಾಪೆ ಹಾಸಿ ಕರೆಯುತ್ತಿದ್ದಾಳೆ.